ಕೊಳ್ಳಿ ದೆವ್ವವೂ ಸುಳ್ಳು, ಉರಿಯುವ ಮೂಳೆಯೂ ಸುಳ್ಳು

ಸಕಲೇಶಪುರ, ಮೂಡಿಗೆರೆ ಕಡೆ ಹಾಳೂರು, ಹಳೇ ಗೋರಿ ಹುಡುಕಿಕೊಂಡು ಅಲೆಯುವವರಿಗೆ ಎರಡು ಥರದ ಜನ ಸಿಗುತ್ತಾರೆ. ಒಬ್ಬರು, 'ಹೊತ್ತು ಮುಳುಗಿದ ಮೇಲೆ ಆ ಕಡೆ ಹೋಗಬೇಡಿ, ಕೊಳ್ಳಿ ದೆವ್ವ ಓಡಾಡುತ್ತೆ' ಅನ್ನುತ್ತಾರೆ. ಇನ್ನೊಬ್ಬರು ಓದಿಕೊಂಡವರು. 'ದೆವ್ವನೂ ಇಲ್ಲ ಗಿವ್ವನೂ ಇಲ್ಲ. ಹೂತ ಹೆಣದ ಮೂಳೆಯಲ್ಲಿ ರಂಜಕ, ಅಂದರೆ ಫಾಸ್ಫರಸ್, ಇರುತ್ತಲ್ಲ, ಅದು ಗಾಳಿ ತಾಗಿ ಉರಿಯುತ್ತೆ' ಅಂತ ನಕ್ಕು ಹೇಳುತ್ತಾರೆ. ನನಗೆ ಸಿಟ್ಟು ಬರುವುದು ಈ ಎರಡನೆಯವರ ಮೇಲೆ. ಮೊದಲಿನವರದು ಅಜ್ಜಿಕತೆ, ಒಪ್ಪೋಣ. ಇವರದೂ ಅಜ್ಜಿಕತೆಯೇ, ವಿಜ್ಞಾನದ ಅಂಗಿ ತೊಟ್ಟದ್ದು ಅಷ್ಟೇ.

ದೊಡ್ಡವರ ದೇಹದಲ್ಲಿ ಸುಮಾರು 700 ಗ್ರಾಂ ರಂಜಕ ಇರುತ್ತದೆ. ಅದರಲ್ಲಿ ನೂರಕ್ಕೆ 85ರಷ್ಟು ಮೂಳೆ, ಹಲ್ಲುಗಳಲ್ಲಿ. ಆದರೆ ಅದು ಬರೀ ರಂಜಕವಲ್ಲ, ಫಾಸ್ಫೇಟ್. ಒಂದೊಂದು ರಂಜಕದ ಪರಮಾಣುವಿಗೂ ನಾಲ್ಕು ಆಮ್ಲಜನಕದ ಪರಮಾಣುಗಳು ಅಂಟಿಕೊಂಡಿರುತ್ತವೆ. ಉರಿಯುವುದು ಅಂದರೆ ಆಮ್ಲಜನಕದ ಜೊತೆ ಸೇರುವುದು ತಾನೇ? ಇದು ಸೇರುವಷ್ಟು ಸೇರಿ ಆಗಿದೆ. ಒಲೆಯ ಬೂದಿಯನ್ನು ಎಷ್ಟು ಊದಿದರೆ ತಾನೇ ಬೆಂಕಿ ಹತ್ತೀತು? ಚಿತೆ ಆರಿದ ಮೇಲೆ ಅಸ್ಥಿ ಆರಿಸುತ್ತೇವಲ್ಲ, ಅದು ಹೇಗೆ ಸಿಗುತ್ತದೆ? ಅಷ್ಟು ದೊಡ್ಡ ಬೆಂಕಿಗೂ ಮೂಳೆಯ ಈ ಭಾಗ ಉರಿಯಲಿಲ್ಲ, ಅದಕ್ಕೇ ಸಿಗುತ್ತದೆ.

ಗಾಳಿ ತಾಗಿದರೆ ಹೊತ್ತಿಕೊಳ್ಳುವ ಬಿಳಿ ರಂಜಕವೂ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಂಗ್ ಬ್ರಾಂಡ್ ಎಂಬಾತ ಚಿನ್ನ ಸಿಗುತ್ತದೆಂದು ಮೂತ್ರವನ್ನು ಬತ್ತಿಸಿ, ಉಳಿದದ್ದನ್ನು ಕೆಂಪಗೆ ಕಾಯಿಸಿದ. ಚಿನ್ನ ಬರಲಿಲ್ಲ. ಕತ್ತಲಲ್ಲಿ ಮಿನುಗುವ ರಂಜಕ ಬಂತು. ನೂರು ವರ್ಷದ ನಂತರ ಸ್ವೀಡನ್ನಿನವರು ಮೂಳೆಯ ಬೂದಿಯಿಂದಲೂ ಅದನ್ನು ತೆಗೆದರು. ಇವತ್ತಿಗೂ ಕಾರ್ಖಾನೆಗಳಲ್ಲಿ ಫಾಸ್ಫೇಟ್ ಕಲ್ಲಿಗೆ ಮರಳು, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಗಾಲ) ಬೆರೆಸಿ ಸುಮಾರು 1500 ಡಿಗ್ರಿಗೆ ಕಾಯಿಸಬೇಕು. ಮಳೆಯಲ್ಲಿ ನೆಂದ ಗೋರಿಯೊಳಗೆ ಅಂಥ ಕುಲುಮೆ ಯಾರು ಹೂಡಿದರು?

'ರಂಜಕಕ್ಕೆ ಜಲಜನಕ ಸೇರಿ ಆಗುವ ಫಾಸ್ಫೀನ್ ಅನಿಲ ಇದೆಯಲ್ಲ, ಅದು ಉರಿಯುತ್ತೆ' ಅಂತ ಪಟ್ಟು ಹಿಡಿಯುವವರೂ ಇದ್ದಾರೆ. ಕೆಸರಿನಲ್ಲಿ ಅದು ಸಿಕ್ಕಿದೆ, ಆದರೆ ತೀರಾ ಅತ್ಯಲ್ಪ. ಹೊತ್ತಿಕೊಂಡಿದ್ದರೆ ಬಿಳಿ ಹೊಗೆ ಏಳಬೇಕು, ಗಂಟಲು ಉರಿಯಬೇಕು. ಕೊಳ್ಳಿ ದೆವ್ವ ಕಂಡವರು ನಡುಗಿದ್ದನ್ನು ಹೇಳುತ್ತಾರೆ. ಕೆಮ್ಮಿದ್ದನ್ನು ಯಾರೂ ಹೇಳುವುದಿಲ್ಲ!

ಹಾಗಾದರೆ ಕಂಡದ್ದೇನು? ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಮೇಲೆ ಹತ್ತಿ ಬರುವ ಹತ್ತುಮೀನು ಹಿಡಿಯಲು ಹೊರಟವರ ದೊಂದಿ ಇರಬಹುದು. ಮರದ ಸಂದಿಯಲ್ಲಿ ಕಂಡು ಮರೆಯಾಗುವ ದೊಂದಿಯ ಕೆಳಗೆ ಮನುಷ್ಯ ಕಾಣುವುದಿಲ್ಲ. ಮಿಂಚುಹುಳ ಇರಬಹುದು. ಕೊಳೆತ ಮರದ ಮೇಲೆ ಹಸಿರಾಗಿ ಮಿನುಗುವ ಅಣಬೆಯೂ ಪಶ್ಚಿಮಘಟ್ಟದಲ್ಲಿದೆ. ಇಷ್ಟು ಸಾಕು. ನನಗೆ ಇದಕ್ಕಿಂತ ಕುತೂಹಲದ ಪ್ರಶ್ನೆ ಬೇರೆ ಇದೆ. ಆ 700 ಗ್ರಾಂ ಉರಿಯಲಿಲ್ಲ, ಸರಿ. ಎಲ್ಲಿ ಹೋಯಿತು?

ಎಲ್ಲೂ ಹೋಗಲಿಲ್ಲ. ಮಲೆನಾಡಿನ ಕೆಂಪು ಮಣ್ಣು ಹುಳಿ. ಕಾಫಿ ತೋಟದವರು ಸುಣ್ಣ ಎರಚುವುದು ಅದಕ್ಕೇ ಅಲ್ವಾ? ಈ ಹುಳಿಗೆ ಮೂಳೆ ನಿಧಾನವಾಗಿ ಕರಗುತ್ತದೆ. ಜನ ಪಾಂಡವರ ಮನೆ ಅನ್ನುವ ಹಳೇ ಕಲ್ಲುಗೋರಿಗಳಲ್ಲಿ ಮಡಕೆ ಚೂರು, ಕಬ್ಬಿಣದ ತುಂಡು ಉಳಿದಿದ್ದರೂ ಮೂಳೆ ಅಷ್ಟಾಗಿ ಸಿಗದಿರುವುದು ಈ ಕಾರಣಕ್ಕೆ. ಆದರೆ ಮೂಳೆ ಕರಗಿದರೂ ರಂಜಕ ಊರು ಬಿಡುವುದಿಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಕರಗಿ ಬಂದ ಫಾಸ್ಫೇಟನ್ನು ಇವು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಸಾರಜನಕ ಹಾಗಲ್ಲ. ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಮಳೆನೀರಿನಲ್ಲಿ ತೊಳೆದು ಹೋಗುತ್ತದೆ. ರಂಜಕ ಗಾಳಿಗೂ ಏರುವುದಿಲ್ಲ, ನೀರಿಗೂ ಸುಲಭಕ್ಕೆ ಇಳಿಯುವುದಿಲ್ಲ.

ಗೋರಿ ಇಲ್ಲಿ ಸಣ್ಣ ಬಾಬತ್ತು, ಊರೇ ದೊಡ್ಡದು. ಬೆಟ್ಟದಿಂದ ಸೊಪ್ಪು ಬಂತು, ಗದ್ದೆಯಿಂದ ಭತ್ತ ಬಂತು, ಕಾಡಿನಿಂದ ಸೌದೆ ಬಂತು. ಎಲ್ಲದರ ರಂಜಕವೂ ಕೊಟ್ಟಿಗೆ, ತಿಪ್ಪೆ, ಬಚ್ಚಲು, ಒಲೆಬೂದಿಯ ಮೂಲಕ ಊರಿನ ಮಣ್ಣಿಗೇ ಸೇರಿತು. ತಿಪ್ಪೆಯ ಗೊಬ್ಬರ ಗದ್ದೆಗೆ ವಾಪಸ್ ಹೋದರೂ ಒಂದಷ್ಟು ಅಲ್ಲೇ ಉಳಿಯಿತು. ಆಮೇಲೆ ಪ್ಲೇಗ್ ಬಂತು, ಮಲೇರಿಯಾ ಬಂತು, ಜನ ಹೋದರು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಅದು ಬೇಚರಾಕ್, ಅಂದರೆ ಜನವಸತಿ ಇಲ್ಲದ, ಗ್ರಾಮವಾಯಿತು. ಇಂಥ ಕಡೆ ರಸ್ತೆಗೆಂದು ದಿಬ್ಬ ಕಡಿದಿದ್ದರೆ ನಿಂತು ನೋಡಿ. ಮೇಲೆ ಲಂಟಾನದ ಬೇರು. ಅದರ ಕೆಳಗೆ ಮೊಳದುದ್ದ ಕಪ್ಪು ಮಣ್ಣು. ಅದರೊಳಗೆ ನಾಡಹೆಂಚಿನ ಚೂರು, ಇದ್ದಿಲ ಚುಕ್ಕೆ, ಅದೃಷ್ಟ ಇದ್ದರೆ ಅರ್ಧ ಒರಳು. ಅದರ ಕೆಳಗೆ ಯಾರೂ ಮುಟ್ಟದ ಕೆಂಪು ಮಣ್ಣು. ರಂಜಕ ತುಂಬಿರುವುದು ಆ ಕಪ್ಪು ಪಟ್ಟಿಯಲ್ಲಿ.

ಬಯಲುಸೀಮೆಯ ರೈತರಿಗೆ ಇದು ಹೊಸದಲ್ಲ. ಹಾಳೂರಿನ ಮಣ್ಣನ್ನು ಗೊಬ್ಬರ ಅಂತ ಗಾಡಿಗಟ್ಟಲೆ ಹೊಲಕ್ಕೆ ಹೊಡೆದವರು ಅವರು. ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಸುಮಾರು 1930ರಲ್ಲಿ. ಸಕ್ಕರೆ ಬೀಟ್‌ರೂಟ್ ಬೆಳೆಗಾಗಿ ಸ್ವೀಡನ್ನಿನ ಹೊಲಗಳ ಮಣ್ಣು ಪರೀಕ್ಷಿಸುತ್ತಿದ್ದ ಓಲೋಫ್ ಅರೇನಿಯಸ್, ಹಳೇ ಊರುಗಳಿದ್ದ ಕಡೆಯೆಲ್ಲ ಫಾಸ್ಫೇಟ್ ಏರಿರುವುದನ್ನು ಗಮನಿಸಿದ. ಅಲ್ಲಿಂದ ಇದು ಪುರಾತತ್ವದವರ ಕೈಗೂ ಬಂತು.

ಮಣ್ಣಿನ ಕಬ್ಬಿಣಕ್ಕೆ ಫಾಸ್ಫೇಟಿನ ಮೇಲಿರುವ ಹಿಡಿತ ಸಡಿಲವಾಗುವ ಸಂದರ್ಭ ಒಂದಿದೆ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಚರ್ಚ್ ಒಂದು ಮಾತ್ರ ಮಳೆಗಾಲದಲ್ಲಿ ಅರೆಮುಳುಗಿ, ಬೇಸಿಗೆಯಲ್ಲಿ ಒಣಗಿ ಇನ್ನೂ ನಿಂತಿದೆ. ಎಲ್ಲರೂ ಗೋಡೆಯ ಫೋಟೋ ತೆಗೆಯುತ್ತಾರೆ. ನನ್ನ ಕಣ್ಣು ಕಾಲಡಿಯ ಕೆಸರಿನ ಮೇಲೆ. ಹೀಗೆ ಮುಳುಗಿದ ಮಣ್ಣಿನಲ್ಲಿ ಆಮ್ಲಜನಕ ಮುಗಿದರೆ ಕಬ್ಬಿಣ ರೂಪ ಬದಲಿಸಿ ಕರಗುತ್ತದೆ. ಅದು ಹಿಡಿದಿದ್ದ ಫಾಸ್ಫೇಟ್ ನೀರಿಗೆ ಬಿಡುಗಡೆಯಾಗುತ್ತದೆ, ಪಾಚಿಗೆ ಹಬ್ಬ. ನೀರು ಇಳಿದು ಗಾಳಿ ಆಡಿದರೆ ಕಬ್ಬಿಣ ಮತ್ತೆ ತುಕ್ಕಾಗಿ, ಉಳಿದ ಫಾಸ್ಫೇಟನ್ನು ಬಾಚಿಕೊಳ್ಳುತ್ತದೆ.

ಹಾಳೂರಿನ ಮಣ್ಣಿನಲ್ಲಿ ಫಾಸ್ಫೇಟ್ ಇದೆಯೇ ಅಂತ ಪರೀಕ್ಷಿಸಲು ಗೋರಿ ಅಗೆಯಬೇಕಿಲ್ಲ, ಅಗೆಯಲೂ ಬಾರದು. ಸೋಸುಕಾಗದದ ಮೇಲೆ ಒಂದು ಚಿಟಿಕೆ ಮಣ್ಣು ಇಟ್ಟು, ಆಮ್ಲ ಬೆರೆಸಿದ ಅಮೋನಿಯಂ ಮಾಲಿಬ್ಡೇಟಿನ ಎರಡು ಹನಿ, ಆಮೇಲೆ ವಿಟಮಿನ್ ಸಿ ದ್ರಾವಣದ ಎರಡು ಹನಿ ಹಾಕಿದರೆ ಆಯಿತು. ಫಾಸ್ಫೇಟ್ ಇದ್ದರೆ ಒಂದೆರಡು ನಿಮಿಷದಲ್ಲಿ ಸುತ್ತ ನೀಲಿ ಹರಡುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ, ಮೇಷ್ಟರ ಎದುರು, ಕೈಗವಸು ಹಾಕಿಕೊಂಡು ಮಾಡಿ. ಪಕ್ಕದ ಬರೀ ಜಾಗದ ಮಣ್ಣನ್ನೂ ಹೋಲಿಕೆಗೆ ತನ್ನಿ. ಕಾಫಿ ತೋಟದೊಳಗಿನ ಮಣ್ಣು ಮಾತ್ರ ಬೇಡ. ಅಲ್ಲಿ ವರ್ಷವರ್ಷ ರಾಕ್ ಫಾಸ್ಫೇಟ್ ಸುರಿದಿರುತ್ತಾರೆ, ಊರು ಇಲ್ಲದ ಕಡೆಯೂ ನೀಲಿ ಬರುತ್ತದೆ.