ಸೊಸೈಟಿಯ ದುಡ್ಡು ಕಮ್ಮಿ, ಸ್ಟೇಷನ್ನಿಂದ ನೋಟಿಸ್: ಹೋಗಬೇಕಾ?

ಪ್ರಶ್ನೆ: ಶಿರಸಿ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ನಾನು ಕ್ಯಾಷಿಯರ್. ಆಡಿಟ್‌ನಲ್ಲಿ ದುಡ್ಡು ಕಮ್ಮಿ ಬಂದಿದೆ. ಪೊಲೀಸ್ ನೋಟಿಸೂ ಬಂದಿದೆ. ಹೋದರೆ ಅರೆಸ್ಟ್ ಮಾಡುತ್ತಾರಾ? ದುಡ್ಡು ಕಟ್ಟಿಬಿಟ್ಟರೆ ಕೇಸು ಮುಗಿಯುತ್ತದಾ?

ಹೋಗಿ. ಮೊದಲು ವಕೀಲರ ಹತ್ತಿರ, ಆಮೇಲೆ ಸ್ಟೇಷನ್ನಿಗೆ.

ನೋಟಿಸಿನಲ್ಲಿ ಬಿಎನ್‌ಎಸ್‌ಎಸ್ (ಬಂಧನ, ತನಿಖೆ, ಜಾಮೀನಿನ ಕ್ರಮ ಹೇಳುವ ಕಾನೂನು) ಕಲಂ 35(3) ಅಂತ ಇದ್ದರೆ, ಸದ್ಯಕ್ಕೆ ನಿಮ್ಮನ್ನು ಹಿಡಿಯುವ ಅಗತ್ಯ ಕಂಡಿಲ್ಲ ಅಂತ ಅರ್ಥ. ಹೇಳಿದ ದಿನ ಹಾಜರಾದರೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ.

ಇನ್ನು ಎಫ್‌ಐಆರ್‌ನಲ್ಲಿ ಹಾಕಿದ ಕಲಂ ನೋಡಿ. ನೌಕರ ಮಾಡಿದ ನಂಬಿಕೆದ್ರೋಹಕ್ಕೆ ಬಿಎನ್‌ಎಸ್ (ಅಪರಾಧ, ಶಿಕ್ಷೆ ಹೇಳುವ ಕಾನೂನು) ಕಲಂ 316(4), ಹೆಚ್ಚೆಂದರೆ 7 ವರ್ಷ ಜೈಲು. ಬ್ಯಾಂಕರ್ ಅಥವಾ ಸರ್ಕಾರಿ ನೌಕರ ಅಂತ 316(5) ಹಾಕಿದರೆ ಜೀವಾವಧಿಯವರೆಗೂ ಹೋಗಬಹುದು. ಯಾವ ಕಲಂ ಅನ್ವಯಿಸುತ್ತದೆ ಅಂತ ವಕೀಲರ ಮೊದಲ ಜಗಳ ಸಾಮಾನ್ಯವಾಗಿ ಇಲ್ಲೇ. 2024ರ ಜುಲೈ 1ಕ್ಕಿಂತ ಹಿಂದಿನ ವ್ಯವಹಾರವಾದರೆ ಬಿಎನ್‌ಎಸ್ ಬದಲು ಹಳೇ ಐಪಿಸಿಯ (ಭಾರತೀಯ ದಂಡ ಸಂಹಿತೆ) ಕಲಂ 408, 409 ಬರುತ್ತವೆ. ಬಂಧನದ ಭಯ ಇದ್ದರೆ ಸೆಷನ್ಸ್ ಕೋರ್ಟಿನಲ್ಲೋ ಧಾರವಾಡ ಹೈಕೋರ್ಟ್ ಪೀಠದಲ್ಲೋ ನಿರೀಕ್ಷಣಾ ಜಾಮೀನು (ಬಂಧನಕ್ಕೂ ಮೊದಲೇ ಪಡೆಯುವ ಜಾಮೀನು) ಕೇಳಬಹುದು.

ದುಡ್ಡು ಕಮ್ಮಿ ಬಂದ ಮಾತ್ರಕ್ಕೆ ಅಪರಾಧವಾಗಿಬಿಡುವುದಿಲ್ಲ, ಅಪ್ರಾಮಾಣಿಕ ಉದ್ದೇಶವೂ ಬೇಕು. ಆದರೆ ದುಡ್ಡು ನಿಮ್ಮ ಕೈಗೆ ಬಂದದ್ದು ಸಾಬೀತಾಗಿ, ನೀವು ಲೆಕ್ಕ ಕೊಡದಿದ್ದರೆ ಕೋರ್ಟು ಆ ಉದ್ದೇಶ ಇತ್ತು ಅಂತ ಊಹಿಸಬಹುದು. ಅದಕ್ಕೇ ಕಾಗದಪತ್ರ ಮುಖ್ಯ. ಅಡಿಕೆ ಸೀಸನ್ನಿನ ಗಡಿಬಿಡಿಯಲ್ಲಿ ಒಬ್ಬರ ಲಾಗಿನ್ನಿನಲ್ಲಿ ಇನ್ನೊಬ್ಬರು ಎಂಟ್ರಿ ಹಾಕುವುದು ಗೊತ್ತಿರುವ ವಿಷಯವೇ ಅಲ್ವಾ? ಕಂಪ್ಯೂಟರ್ ನಿಮ್ಮ ಹೆಸರು ತೋರಿಸುತ್ತದೆ, ಹಾಜರಿ ಪುಸ್ತಕದಲ್ಲಿ ಆ ದಿನ ನೀವು ರಜೆ! ವೋಚರ್ ಪಾಸ್ ಮಾಡಿದ ಸಹಿ ಯಾರದು, ತಿಜೋರಿಯ ಎರಡನೇ ಕೀಲಿ ಯಾರ ಹತ್ತಿರ ಇತ್ತು, ಪಿಗ್ಮಿ ದುಡ್ಡನ್ನು ಸಂಜೆ ಎಣಿಸಿಕೊಂಡವರು ಯಾರು, ಎಲ್ಲ ನೆನಪು ಮಾಡಿ ತಾರೀಖಿನ ಪ್ರಕಾರ ವಕೀಲರಿಗೆ ಬರೆದುಕೊಡಿ. ಮೊಬೈಲಿನ ಮೆಸೇಜ್ ಒಂದನ್ನೂ ಅಳಿಸಬೇಡಿ. ಸಾಕ್ಷ್ಯ ನಾಶ ಬೇರೆಯದೇ ಅಪರಾಧ.

ದುಡ್ಡು ಕಟ್ಟುವ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ‘ಇಲ್ಲಿ ಒಂದು ಸಹಿ ಹಾಕು, ಒಳಗೊಳಗೇ ಮುಗಿಸೋಣ’ ಅಂತ ಆಡಳಿತ ಮಂಡಳಿಯವರು ಕರೆಯುತ್ತಾರೆ. ಆ ಕಾಗದವೇ ನಾಳೆ ತಪ್ಪೊಪ್ಪಿಗೆಯಾಗಿ ಕೋರ್ಟಿಗೆ ಬರಬಹುದು. ಕಟ್ಟಿದ್ದು ಜಾಮೀನಿಗೆ ಸಹಾಯವಾದೀತು, ಕೇಸು ತಾನಾಗಿ ಮುಗಿಯುವುದಿಲ್ಲ. 316(4) ಆದರೆ ಸಂಘ ಒಪ್ಪಿ, ಕೋರ್ಟು ಅನುಮತಿ ಕೊಟ್ಟರೆ ರಾಜಿಗೆ ದಾರಿ ಇದೆ. 316(5)ರಲ್ಲಿ ಅದೂ ಇಲ್ಲ. 1959ರ ಸಹಕಾರ ಸಂಘಗಳ ಕಾಯ್ದೆಯ ವಿಚಾರಣೆ, ವಸೂಲಿ ಬೇರೆಯೇ ನಡೆಯುತ್ತವೆ. ಅಲ್ಲಿ ಕೊಟ್ಟ ಉತ್ತರವನ್ನೂ ವಕೀಲರು ಮೊದಲೇ ಓದಿರಲಿ.

ಸ್ಟೇಷನ್ನಿನಲ್ಲಿ ಕೇಳಿದ್ದಕ್ಕೆ ಗೌರವದಿಂದ ಉತ್ತರಿಸಿ. ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆಗೆ ಸುಮ್ಮನಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲೇ ಇದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಖಾಲಿ ಹಾಳೆಗಂತೂ ಹಾಕಲೇಬೇಡಿ.

ವಕೀಲರ ಫೀಸಿಗೆ ದುಡ್ಡಿಲ್ಲವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಕಾನೂನು ಉಚಿತ ನೆರವು ಕೊಡುತ್ತದೆ. ಫೋನ್ ಮಾಡುವುದಾದರೆ 15100.