ಅವಸರವಿಲ್ಲದ ಬೆಳಕು: ಡಬ್ಬಿಯಲ್ಲಿ ಹಿಡಿದ ಸೂರ್ಯ, ಹೂರಸದಲ್ಲಿ ಮೂಡಿದ ಚಿತ್ರ

2012ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಯ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ರೆಜಿನಾ ವಾಲ್ಕೆನ್‌ಬರ್ಗ್, ಖಾಲಿ ಬಿಯರ್ ಡಬ್ಬಿಯೊಂದರ ಒಳಮೈಗೆ ಛಾಯಾಚಿತ್ರ ಮುದ್ರಿಸುವ ಕಾಗದವನ್ನು ಹೊಂದಿಸಿ, ಡಬ್ಬಿಗೆ ಸೂಜಿಯ ಮೊನೆಯಷ್ಟು ರಂಧ್ರ ಮಾಡಿ, ಅದನ್ನು ವಿಶ್ವವಿದ್ಯಾಲಯದ ಬೇಫರ್ಡ್‌ಬರಿ ವೀಕ್ಷಣಾಲಯದ ದೂರದರ್ಶಕವೊಂದಕ್ಕೆ ಬಿಗಿದರು. ಅಲ್ಲಿ ಅವರು ಹಿಂದೆ ಮಾಡಿದ್ದ ಇಂಥ ಪ್ರಯೋಗಗಳು ಬಹುಮಟ್ಟಿಗೆ ತೇವಕ್ಕೆ ಸಿಕ್ಕಿ, ಕಾಗದ ಸುರುಳಿಗೊಂಡು ಕೆಟ್ಟಿದ್ದವು. ಈ ಡಬ್ಬಿ ಮಾತ್ರ ಎಲ್ಲರ ನೆನಪಿನಿಂದಲೂ ಜಾರಿಹೋಯಿತು. 2020ರಲ್ಲಿ ವೀಕ್ಷಣಾಲಯದ ತಾಂತ್ರಿಕ ಅಧಿಕಾರಿ ಡೇವಿಡ್ ಕ್ಯಾಂಪ್‌ಬೆಲ್ ಅದನ್ನು ಬಿಚ್ಚಿ ತೆಗೆದಾಗ, ಎಂಟು ವರ್ಷ ಒಂದು ತಿಂಗಳ ಕಾಲ ತೆರೆದೇ ಇದ್ದ ಕ್ಯಾಮೆರಾದೊಳಗೆ ಒಂದು ಚಿತ್ರ ಉಳಿದಿತ್ತು. ಆಕಾಶದ ತುಂಬ ಸೂರ್ಯನ ಕಮಾನುಗಳು, ಅವುಗಳ ಕೆಳಗೆ ದೂರದರ್ಶಕದ ಗುಮ್ಮಟ. ವಿಶ್ವವಿದ್ಯಾಲಯ ಕೊಟ್ಟ ಲೆಕ್ಕದ ಪ್ರಕಾರ ಕಮಾನುಗಳ ಸಂಖ್ಯೆ 2,953. ಇದುವರೆಗೆ ತಿಳಿದಿರುವ ಅತಿ ದೀರ್ಘ ಎಕ್ಸ್‌ಪೋಷರ್‌ನ, ಅಂದರೆ ಅತಿ ಹೆಚ್ಚು ಕಾಲ ಬೆಳಕಿಗೆ ತೆರೆದಿಟ್ಟ, ಛಾಯಾಚಿತ್ರ ಇದೇ ಇರಬೇಕೆಂದು ಆಗ ಸುದ್ದಿಯಾಯಿತು.

ಸುದ್ದಿಯಲ್ಲಿ ದಾಖಲೆಯ ಮಾತೇ ಮುಂದೆ ಬಂದರೂ, ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು ಆ ಚಿತ್ರ ಎತ್ತುವ ಪ್ರಶ್ನೆ. ನಡುಹಗಲಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗವೇ ಸಾಕಾಗುವ ಛಾಯಾಗ್ರಹಣದಲ್ಲಿ, ಎಂಟು ವರ್ಷ ಬಿಸಿಲು ಕುಡಿದ ಕಾಗದ ಪೂರ್ತಿ ಕಪ್ಪಾಗದೆ ಉಳಿದದ್ದು ಹೇಗೆ?

ಮೊದಲು ಸೂಜಿರಂಧ್ರದ ಲೆಕ್ಕ ನೋಡಬೇಕು. ಸಾಮಾನ್ಯ ಪಾನೀಯದ ಡಬ್ಬಿಯ ಅಗಲ ಸುಮಾರು 6.5 ಸೆಂಟಿಮೀಟರ್. ಅಷ್ಟು ದೂರಕ್ಕೆ ಅತ್ಯಂತ ಸ್ಪಷ್ಟ ಬಿಂಬ ಕೊಡುವ ರಂಧ್ರದ ವ್ಯಾಸ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ರಂಧ್ರ ಇದಕ್ಕಿಂತ ದೊಡ್ಡದಾದರೆ ಬಿಂಬ ಮಸುಕಾಗುತ್ತದೆ. ಚಿಕ್ಕದಾದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುವುದರಿಂದ ಮತ್ತೆ ಮಸುಕೇ. ಇಂಥ ಡಬ್ಬಿಯೊಳಗೆ ಸೂರ್ಯನ ಬಿಂಬ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ಚುಕ್ಕೆ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುವುದರಿಂದ, ಅರ್ಧ ಡಿಗ್ರಿ ಅಗಲದ ಆ ಚುಕ್ಕೆ ಕಾಗದದ ಯಾವ ಒಂದು ಬಿಂದುವಿನ ಮೇಲೂ ದಿನಕ್ಕೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಹೀಗಾಗಿ ಎಂಟು ವರ್ಷದ ಎಕ್ಸ್‌ಪೋಷರ್ ಎನ್ನುವುದು ಕಟ್ಟಡಗಳಿಗೆ ಮತ್ತು ಮರಗಳಿಗೆ ಅನ್ವಯಿಸುವ ಮಾತು. ಸೂರ್ಯನ ಹಾದಿಯ ಪ್ರತಿ ಬಿಂದುವಿಗೆ ಸಿಕ್ಕಿದ್ದು ಅಂಥ ಕೆಲವೇ ನಿಮಿಷಗಳ ಮೊತ್ತ.

ಡಿಸೆಂಬರ್ ಉತ್ತರಾರ್ಧದಿಂದ ಜೂನ್ ಉತ್ತರಾರ್ಧದವರೆಗೆ ಬೇಫರ್ಡ್‌ಬರಿಯಲ್ಲಿ ನಡುಹಗಲ ಸೂರ್ಯ ಸುಮಾರು 15 ಡಿಗ್ರಿಯಿಂದ 62 ಡಿಗ್ರಿಯ ಎತ್ತರಕ್ಕೆ ಏರುತ್ತಾನೆ, ಅನಂತರ ಅದೇ ಹಾದಿಯಲ್ಲಿ ಇಳಿಯುತ್ತಾನೆ. ಸೂರ್ಯನ ಹಾದಿಯನ್ನು ಹೀಗೆ ಹಿಡಿದ ಚಿತ್ರಕ್ಕೆ ಸೌರಚಿತ್ರ ಎನ್ನೋಣ. ಆರು ತಿಂಗಳ ಸೌರಚಿತ್ರದಲ್ಲಿ ಮೋಡ ಕವಿದ ದಿನಗಳು ಗೆರೆಗಳ ನಡುವಿನ ಬಿಟ್ಟಜಾಗಗಳಾಗಿ ಉಳಿಯುತ್ತವೆ, ಆದ್ದರಿಂದ ಅದನ್ನು ಹವಾಮಾನದ ದಿನಚರಿಯಂತೆ ಓದಬಹುದು. ಎಂಟು ವರ್ಷದ ಚಿತ್ರದಲ್ಲಿ ಸೂರ್ಯ ಅದೇ ಪಟ್ಟಿಯನ್ನು ಹದಿನಾರು ಬಾರಿ ತುಳಿದಿರುವುದರಿಂದ, ಒಂದು ವರ್ಷದ ಮೋಡ ಬಿಟ್ಟ ಜಾಗವನ್ನು ಮುಂದಿನ ವರ್ಷದ ಬಿಸಿಲು ತುಂಬಿದೆ. ಈ ಅವಧಿಯ ನಡುವೆ ಅಲ್ಲಿ ಹೊಸದಾಗಿ ಎದ್ದ ವಾತಾವರಣ ಅಧ್ಯಯನದ ಚೌಕಟ್ಟೊಂದು ಕೂಡ ಚಿತ್ರದೊಳಗೆ ಸೇರಿಕೊಂಡಿದೆ.

ಬೆಂಗಳೂರಿನಲ್ಲಿ ಇದನ್ನು ಮಾಡಬಯಸುವವರು ಯುರೋಪಿನ ಕೈಪಿಡಿಗಳು ಹೇಳುವಂತೆ ಡಬ್ಬಿಯನ್ನು ದಕ್ಷಿಣಕ್ಕೆ ತಿರುಗಿಸಿಟ್ಟರೆ ನಿರಾಶೆಯಾಗುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಇಲ್ಲಿಗೆ ಪೂರ್ವ ಅಥವಾ ಪಶ್ಚಿಮದ ಮುಖವೇ ಸರಿ, ಮತ್ತು ಮುಂಗಾರಿಗೆ ಮುನ್ನ ಡಬ್ಬಿಯ ಸಂದುಗಳಿಗೆ ಎರಡು ಸುತ್ತು ಟೇಪು ಬೇಕೇಬೇಕು.

ಕಾಗದ ಉಳಿದದ್ದರ ಇನ್ನೊಂದು ಕಾರಣ ರಸಾಯನದಲ್ಲಿದೆ. ಫಿಲ್ಮಿನ ಮೇಲೆ ಬೆಳಕು ಬಿದ್ದಾಗ ಬೆಳ್ಳಿಯ ಬ್ರೋಮೈಡಿನ ಹರಳಿನಲ್ಲಿ ಬೆರಳೆಣಿಕೆಯ ಬೆಳ್ಳಿ ಪರಮಾಣುಗಳು ಮಾತ್ರ ಬಿಡುಗಡೆಯಾಗಿ ಒಂದೆಡೆ ಸೇರುತ್ತವೆ. ಕಣ್ಣಿಗೆ ಕಾಣದ ಈ ಸುಪ್ತ ಬಿಂಬವನ್ನು ಡೆವಲಪರ್ ದ್ರಾವಣ ನೂರು ಕೋಟಿಯಷ್ಟು ಪಟ್ಟು ಹಿಗ್ಗಿಸಿ ಇಡೀ ಹರಳನ್ನೇ ಬೆಳ್ಳಿಯಾಗಿ ಮಾಡುತ್ತದೆ. 1840ರಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕಂಡುಕೊಂಡ ಈ ಹಿಗ್ಗಿಸುವಿಕೆಯೇ ಛಾಯಾಗ್ರಹಣದ ವೇಗದ ಗುಟ್ಟು. ಡಬ್ಬಿಯ ಕಾಗದವನ್ನು ಡೆವಲಪ್ ಮಾಡುವುದೇ ಇಲ್ಲ. ಅಲ್ಲಿ ಪ್ರತಿ ಬೆಳ್ಳಿ ಪರಮಾಣುವನ್ನೂ ಬೆಳಕು ತಾನೇ ಬಿಡಿಸಬೇಕು, ಸಹಾಯಕ್ಕೆ ಯಾವ ದ್ರಾವಣವೂ ಇಲ್ಲ. ಜೊತೆಗೆ, ಮೇಲ್ಪದರದಲ್ಲಿ ಹುಟ್ಟಿದ ಬೆಳ್ಳಿ ತನ್ನ ಕೆಳಗಿನ ಪದರಕ್ಕೆ ನೆರಳಾಗುವುದರಿಂದ ಕಪ್ಪಾಗುವ ವೇಗ ಕ್ರಮೇಣ ತಗ್ಗುತ್ತದೆ. ಕಪ್ಪು-ಬಿಳುಪಿನ ಕಾಗದದ ಮೇಲೂ ಕಂದು, ನೇರಳೆಯ ಛಾಯೆಗಳು ಮೂಡುವುದು ಈ ಬೆಳ್ಳಿಯ ಕಣಗಳು ಅತಿ ಸೂಕ್ಷ್ಮವಾಗಿ, ಬೇರೆ ಬೇರೆ ಗಾತ್ರಗಳಲ್ಲಿ ಇರುವುದರಿಂದ.

ಹಿಗ್ಗಿಸುವಿಕೆ ಇಲ್ಲದ ಛಾಯಾಗ್ರಹಣ ನಿಧಾನವಾಗಿರಲೇಬೇಕು. ಆದರೆ ಬೆಳಕು ಯಾವುದೇ ವಸ್ತುವಿನ ಮೇಲೆ ನೇರವಾಗಿ ಮಾಡುವ ಕೆಲಸವನ್ನು ಅದು ನಮಗೆ ತೆರೆದು ತೋರಿಸುತ್ತದೆ, ಮತ್ತು ಇದಕ್ಕೆ ಬೆಳ್ಳಿಯೇ ಆಗಬೇಕೆಂದಿಲ್ಲ. 1820ರ ದಶಕದಲ್ಲಿ ಫ್ರಾನ್ಸಿನ ನಿಸೆಫೋರ್ ನೀಪ್ಸ್ ತನ್ನ ಮನೆಯ ಕಿಟಕಿಯಿಂದ ಹಿಡಿದ, ಇಂದು ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರಕ್ಕೆ ಬಳಸಿದ್ದು ನೆಲದಿಂದ ದೊರೆಯುವ ಬಿಟುಮೆನ್, ಅಂದರೆ ಒಂದು ಬಗೆಯ ಡಾಂಬರು. ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ ಲೋಹದ ತಗಡಿಗೆ ಸವರಿದ ಬಿಟುಮೆನ್ ಬಿಸಿಲು ತಾಗಿದಲ್ಲಿ ಗಟ್ಟಿಯಾಯಿತು, ಉಳಿದದ್ದು ತೊಳೆದುಹೋಯಿತು. ಎಕ್ಸ್‌ಪೋಷರ್ ಕಡಿಮೆಯೆಂದರೂ ಎಂಟು ಗಂಟೆ, ಬಹುಶಃ ಕೆಲವು ದಿನಗಳು. ಅಷ್ಟು ಹೊತ್ತಿನಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸರಿದದ್ದರಿಂದ ಅಂಗಳದ ಎರಡೂ ಬದಿಯ ಗೋಡೆಗಳಿಗೆ ಆ ಚಿತ್ರದಲ್ಲಿ ಬಿಸಿಲು ಬಿದ್ದಿದೆ.

ಸಸ್ಯಗಳ ಬಣ್ಣಕ್ಕೂ ಇದೇ ಶಕ್ತಿಯಿದೆ. ಖಗೋಳವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಪ್ರಕಟಿಸಿದ ಸುದೀರ್ಘ ಪ್ರಬಂಧದಲ್ಲಿ, ಹೂಗಳ ರಸವನ್ನು ಕಾಗದಕ್ಕೆ ಬಳಿದು, ಪಟ್ಟಕದಿಂದ ಬಿಡಿಸಿದ ಸೂರ್ಯನ ವರ್ಣಪಟಲವನ್ನು ಅದರ ಮೇಲೆ ಬೀಳಿಸಿ, ಯಾವ ರಸವನ್ನು ಯಾವ ಕಿರಣ ಅಳಿಸುತ್ತದೆ ಎಂದು ತಾಳ್ಮೆಯಿಂದ ದಾಖಲಿಸಿದರು. ಗಣಿತಜ್ಞೆ ಮೇರಿ ಸಮರ್‌ವಿಲ್ ಇದೇ ದಾರಿಯಲ್ಲಿ ಪ್ರಯೋಗಗಳನ್ನು ನಡೆಸಿ 1845ರಲ್ಲಿ ಹರ್ಷೆಲ್‌ಗೆ ಬರೆದರು. ಆ ಬರಹ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮಹಿಳೆಯರನ್ನು ಫೆಲೋ ಆಗಿ ಆರಿಸಲು ಆ ಸಂಸ್ಥೆಗೆ ಇನ್ನೂ ನೂರು ವರ್ಷ ಬೇಕಾಯಿತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಹರ್ಷೆಲ್ ಕಂಡ ಮುಖ್ಯ ಸಂಗತಿಯೆಂದರೆ, ಒಂದು ಬಣ್ಣವನ್ನು ಅಳಿಸುವ ಕಿರಣಗಳು ಬಹಳ ಸಲ ಅದಕ್ಕೆ ಪೂರಕವಾದ ಬಣ್ಣದವು. ಕಾರಣ ಸರಳ: ವಸ್ತು ಹೀರಿಕೊಂಡ ಬೆಳಕು ಮಾತ್ರ ಅದರಲ್ಲಿ ಬದಲಾವಣೆ ತರಬಲ್ಲದು, ಪ್ರತಿಫಲಿಸಿದ ಬೆಳಕು ಏನನ್ನೂ ಮಾಡಲಾರದು. ದ್ಯುತಿರಸಾಯನದ ಈ ಮೊದಲ ನಿಯಮ ಇಂದು ಗ್ರೋಥಸ್ ಮತ್ತು ಡ್ರೇಪರ್ ಅವರ ಹೆಸರಿನಲ್ಲಿದೆ. ಅರಿಶಿನವನ್ನೇ ತೆಗೆದುಕೊಳ್ಳಿ. ಅದರ ಕರ್ಕ್ಯುಮಿನ್ ಅಣು ಸುಮಾರು 425 ನ್ಯಾನೋಮೀಟರ್ ತರಂಗಾಂತರದ ನೇರಳೆ-ನೀಲಿ ಬೆಳಕನ್ನು ಹೆಚ್ಚಾಗಿ ಹೀರುತ್ತದೆ, ಆದ್ದರಿಂದಲೇ ನಮಗೆ ಹಳದಿಯಾಗಿ ಕಾಣುತ್ತದೆ. ಹೀರಿದ ಅದೇ ಬೆಳಕು ಅಣುವನ್ನು ಮುರಿಯುತ್ತದೆ. ಬಟ್ಟೆಗೆ ತಗುಲಿದ ಅರಿಶಿನದ ಕಲೆ ಬಿಸಿಲಿಗೆ ಹರವಿದರೆ ಹೋಗುತ್ತದೆಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ವಿಷಯ. ಹೂರಸದ ಚಿತ್ರಕಾರ ಮಾಡುವುದೂ ಅದನ್ನೇ, ಆದರೆ ಕಲೆ ಎಲ್ಲಿ ಉಳಿಯಬೇಕು ಎಂಬುದನ್ನು ಅವನು ನಿರ್ಧರಿಸುತ್ತಾನೆ.

ಅರಿಶಿನ ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಅದನ್ನು ಆಲ್ಕೋಹಾಲಿನಲ್ಲಿ ಕಲಸಿ ಶೋಧಿಸಬೇಕು. ಬೀಟ್‌ರೂಟನ್ನೋ ದಾಸವಾಳವನ್ನೋ ಅರೆದು ಹಿಂಡಿದರೆ ಸಾಕು. ದಪ್ಪ ಕಾಗದಕ್ಕೆ ಎರಡು ಮೂರು ಸಲ ಬಳಿದು, ನೆರಳಿನಲ್ಲಿ ಒಣಗಿಸಿ, ಮೇಲೆ ಎಲೆಯನ್ನೋ ಪಾರದರ್ಶಕ ಹಾಳೆಯ ಚಿತ್ರವನ್ನೋ ಇಟ್ಟು, ಗಾಜು ಒತ್ತಿ, ಬಿಸಿಲಿಗಿಡುವುದು. ಬೆಳಕು ಇಲ್ಲಿ ಬಣ್ಣವನ್ನು ಕಳೆಯುವುದರಿಂದ ನೆಗೆಟಿವ್ ಬೇಡ, ಪಾಸಿಟಿವ್ ಚಿತ್ರವೇ ಬೇಕು. ಕೆಲವು ರಸಗಳಿಗೆ ಒಂದೆರಡು ದಿನ, ಹಲವಕ್ಕೆ ವಾರಗಳು. ಈ ತಡಕ್ಕೂ ಕಾರಣವಿದೆ. ಬಿಸಿಲಿನಲ್ಲೇ ಬದುಕುವ ಗಿಡದ ವರ್ಣದ್ರವ್ಯಗಳಲ್ಲಿ ಅನೇಕವು ಹೀರಿದ ಶಕ್ತಿಯನ್ನು ಕ್ಷಣಮಾತ್ರದಲ್ಲಿ ಶಾಖವಾಗಿ ಬಿಟ್ಟುಬಿಡುತ್ತವೆ, ಅಪರೂಪಕ್ಕೊಂದು ಅಣು ಮಾತ್ರ ಮುರಿಯುತ್ತದೆ. ಎಲೆಯೊಳಗೆ ಪತ್ರಹರಿತ್ತಿಗೆ ಕ್ಯಾರೊಟಿನಾಯ್ಡ್‌ಗಳೆಂಬ ಹಳದಿ-ಕಿತ್ತಳೆ ವರ್ಣದ್ರವ್ಯಗಳ ರಕ್ಷಣೆಯೂ ಇರುತ್ತದೆ. ಪಾಲಕ್ ಸೊಪ್ಪನ್ನು ಅರೆದೊಡನೆ ಆ ಏರ್ಪಾಡು ಚದುರಿ, ಗಾಳಿಯ ಆಮ್ಲಜನಕದ ಎದುರು ಹಸಿರು ಬೇಗ ಮಾಸತೊಡಗುತ್ತದೆ.

ಈ ಚಿತ್ರಗಳನ್ನು ಸ್ಥಿರಗೊಳಿಸುವ ದ್ರಾವಣವಿಲ್ಲ. ಗೋಡೆಗೆ ತೂಗುಹಾಕಿದರೆ, ಅದನ್ನು ಮೂಡಿಸಿದ ಬೆಳಕೇ ಅದನ್ನು ಅಳಿಸುತ್ತದೆ. ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು ಇದನ್ನು ಕೊರತೆಯೆಂದು ಬಿಟ್ಟುಬಿಡಬಾರದೆಂದು ನನಗೆ ಬಲವಾಗಿ ಅನಿಸುತ್ತದೆ, ಏಕೆಂದರೆ ಒಂದು ವಸ್ತುವಿನ ಬಾಳಿಕೆಯನ್ನು ಅದರ ಅಣುವಿನ ಮಟ್ಟದಿಂದ ಯೋಚಿಸುವಂತೆ ಒತ್ತಾಯಿಸುವ ಪಾಠ ಬೇರೆಲ್ಲೂ ಇಷ್ಟು ಅಗ್ಗವಾಗಿ ಸಿಗುವುದಿಲ್ಲ.

ಹಾಗೆ ಯೋಚಿಸಿದವರಲ್ಲಿ ಬ್ರಿಟನ್ನಿನ ಕಲಾವಿದರಾದ ಹೆದರ್ ಆಕ್‌ರಾಯ್ಡ್ ಮತ್ತು ಡ್ಯಾನ್ ಹಾರ್ವೆ ಇದ್ದಾರೆ. ಅವರು ಜೇಡಿಮಣ್ಣು ಬಳಿದ ಹಲಗೆಗೆ ಹುಲ್ಲಿನ ಬೀಜ ಅಂಟಿಸಿ, ಕತ್ತಲೆ ಕೋಣೆಯಲ್ಲಿ ಅದರ ಮೇಲೆ ನೆಗೆಟಿವ್ ಚಿತ್ರವೊಂದನ್ನು ದಿನಗಟ್ಟಲೆ ಬೀಳಿಸುತ್ತಾರೆ. ಹೂಬಿಡುವ ಸಸ್ಯಗಳಲ್ಲಿ ಪತ್ರಹರಿತ್ತು ತಯಾರಾಗುವ ಕೊನೆಯ ಹಂತಗಳಲ್ಲೊಂದಕ್ಕೆ ಬೆಳಕು ಅನಿವಾರ್ಯ. ಆದ್ದರಿಂದ ಬೆಳಕು ಸಿಕ್ಕ ಎಸಳು ಹಸಿರಾಗುತ್ತದೆ, ಸಿಗದ್ದು ಹಳದಿಯಾಗಿಯೇ ಬೆಳೆಯುತ್ತದೆ, ನಡುವಿನ ಎಲ್ಲ ಛಾಯೆಗಳೂ ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಬರುತ್ತವೆ. ಮನುಷ್ಯನ ಮುಖವೊಂದು ಹುಲ್ಲಿನಲ್ಲೇ ಮೂಡುತ್ತದೆ. ಮುದಿಯಾದ ಹುಲ್ಲು ಹಸಿರು ಕಳೆದುಕೊಂಡಾಗ ಚಿತ್ರವೂ ಹೋಗುವುದು ಅವರ ತೊಂದರೆಯಾಗಿತ್ತು. 1990ರ ದಶಕದ ಕೊನೆಯಲ್ಲಿ ಅವರು ವೇಲ್ಸ್‌ನ ಅಬರಿಸ್ಟ್‌ವಿತ್‌ನ ಹುಲ್ಲುಗಾವಲು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೊಡನೆ ಸೇರಿ, ಬಾಡಿದರೂ ಹಸಿರು ಬಿಡದ ಹುಲ್ಲಿನ ತಳಿಯನ್ನು ಬಳಸತೊಡಗಿದರು. ಅಂಥ ಹುಲ್ಲಿನಲ್ಲಿ ಪತ್ರಹರಿತ್ತನ್ನು ಒಡೆಯುವ ವ್ಯವಸ್ಥೆಯ ಒಂದು ಜೀನ್ ಕೆಲಸ ಮಾಡುವುದಿಲ್ಲ. 2007ರಲ್ಲಿ ಅದೇ ಸಂಸ್ಥೆಯ ತಂಡ ಈ ಜೀನಿನ ಜಾಡು ಹಿಡಿದು ಹೋದಾಗ ಅದು ಬಟಾಣಿಯಲ್ಲಿ ಸಿಕ್ಕಿತು: ಗ್ರೆಗರ್ ಮೆಂಡೆಲ್ ತನ್ನ ಪ್ರಯೋಗಗಳಲ್ಲಿ ಹಸಿರು ಕಾಳು, ಹಳದಿ ಕಾಳು ಎಂದು ಎಣಿಸಿದ್ದು ಇದೇ ಜೀನಿನ ಎರಡು ರೂಪಗಳನ್ನು.