ವಸಡಿನ ದ್ರವದ ರಸಾಯನ ಮತ್ತು ವಸಡಿನ ರೋಗ

ಹಲ್ಲಿಗೂ ಅದನ್ನು ಸುತ್ತುವರಿದ ವಸಡಿನ ಅಂಚಿಗೂ ನಡುವೆ, ಆರೋಗ್ಯವಂತ ಬಾಯಿಯಲ್ಲಿ ಸಾಮಾನ್ಯವಾಗಿ 3 ಮಿಲಿಮೀಟರ್ ಆಳವನ್ನು ಮೀರದ ಕಿರಿದಾದ ಸಂದೊಂದು ಇರುತ್ತದೆ; ಅಲ್ಲಿ ಒಸರುವುದೇ ವಸಡಿನ ದ್ರವ. ಲಾಲಾರಸದಂತೆ ಇದನ್ನು ಯಾವ ಗ್ರಂಥಿಯೂ ಸ್ರವಿಸುವುದಿಲ್ಲ, ವಸಡಿನೊಳಗಿನ ಸೂಕ್ಷ್ಮ ರಕ್ತನಾಳಗಳಿಂದ ಇದು ಸೋಸಿ ಬರುತ್ತದೆ. 1958ರಲ್ಲಿ ಸಂಶೋಧಕರಾದ ಬ್ರಿಲ್ ಮತ್ತು ಕ್ರಾಸೆ ಅವರು ನಾಯಿಗಳ ಸ್ನಾಯುವಿಗೆ ಚುಚ್ಚಿದ ಫ್ಲೋರೆಸೀನ್ ಬಣ್ಣವು ಸಂದಿನಲ್ಲಿಟ್ಟ ಸೋಸುಕಾಗದದ ಮೇಲೆ ಮೂರೇ ನಿಮಿಷಗಳಲ್ಲಿ ಕಾಣಿಸಿಕೊಂಡಿತ್ತು.

ಮೂಲ ರಕ್ತವೇ ಆದ್ದರಿಂದ ಆಲ್ಬುಮಿನ್, ಪ್ರತಿಕಾಯಗಳು, ಕಾಂಪ್ಲಿಮೆಂಟ್ ಪ್ರೋಟೀನುಗಳು (ರೋಗಾಣುಗಳ ವಿರುದ್ಧ ಹೋರಾಡಲು ನೆರವಾಗುವ ರಕ್ತದ ಪ್ರೋಟೀನುಗಳು), ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲವೂ ಇದರಲ್ಲಿರುತ್ತವೆ. ಹಲ್ಲಿನ ಮೇಲೆ ಪ್ಲಾಕ್ (ಬ್ಯಾಕ್ಟೀರಿಯಾಗಳ ಅಂಟು ಪದರ) ಕಟ್ಟಿ ಉರಿಯೂತ ಶುರುವಾದರೆ ರಕ್ತನಾಳಗಳ ಗೋಡೆ ಸಡಿಲಗೊಂಡು ದ್ರವದ ಹರಿವೂ ಅದರೊಳಗಿನ ಬಿಳಿ ರಕ್ತಕಣಗಳೂ ಹೆಚ್ಚುತ್ತವೆ. ಇದು ದೇಹದ ರಕ್ಷಣೆಯೇನೋ ಹೌದು, ಆದರೆ ಅದೇ ಪ್ರೋಟೀನು ಶತ್ರುವಿಗೆ ಊಟವೂ ಆಗುತ್ತದೆ. ಸಕ್ಕರೆಯನ್ನು ನೆಚ್ಚಿಕೊಳ್ಳದ, ವಸಡಿನ ರೋಗಕ್ಕೆ ಸಂಬಂಧಿಸಿದ ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಎಂಬ ಬ್ಯಾಕ್ಟೀರಿಯಾ, ತನ್ನ ಜಿಂಜಿಪೇನ್ ಕಿಣ್ವಗಳಿಂದ ಪ್ರೋಟೀನನ್ನು ಕತ್ತರಿಸಿ ಪೆಪ್ಟೈಡುಗಳನ್ನೂ, ರಕ್ತ ಜಿನುಗಿದಲ್ಲಿ ಹಿಮೋಗ್ಲೋಬಿನ್‌ನ ಭಾಗವಾದ ಹೀಮ್‌ನಲ್ಲಿರುವ ಕಬ್ಬಿಣವನ್ನೂ ಬಳಸಿಕೊಳ್ಳುತ್ತದೆ. ಅಮೈನೋ ಆಮ್ಲಗಳು ಒಡೆದಾಗ ಹೊರಬರುವ ಅಮೋನಿಯಾ ಸಂದಿನ ಪಿಹೆಚ್ ಅನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಆಮ್ಲದಿಂದ ಆಗುವ ದಂತಕ್ಷಯದ ರಸಾಯನವನ್ನು ಇಲ್ಲಿಗೆ ತಂದು ಬೆರೆಸಬಾರದು.

ಅಂಗಾಂಶದ ಕೊಲಾಜೆನ್ ಎಳೆಗಳನ್ನು ಕಡಿಯುವುದು ಬ್ಯಾಕ್ಟೀರಿಯಾಗಳೇ ಎಂದು ಮೊದಲ ಓದಿನಲ್ಲಿ ನಾನು ತಿಳಿದಿದ್ದೆ. ನಿಜದಲ್ಲಿ ಆ ಕೆಲಸದ ದೊಡ್ಡ ಪಾಲು ನಮ್ಮದೇ ನ್ಯೂಟ್ರೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಸುರಿಸುವ, ಕೊಲಾಜೆನ್ ಕಡಿಯುವ ಎಂಎಂಪಿ-8ರಂತಹ ಕಿಣ್ವಗಳದ್ದು. ಬ್ಯಾಕ್ಟೀರಿಯಾಗಳನ್ನು ಕೊಲ್ಲಲಾಗದಷ್ಟು ಕಡಿಮೆ ಪ್ರಮಾಣದ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೈವಿಕ ಔಷಧ, ಅಂದರೆ ದಿನಕ್ಕೆ ಎರಡು ಬಾರಿ 20 ಮಿಲಿಗ್ರಾಂ, ಈ ಕಿಣ್ವಗಳನ್ನು ತಡೆಯುವುದರಿಂದಲೇ ಚಿಕಿತ್ಸೆಗೆ ನೆರವಾಗುತ್ತದೆ ಎಂಬುದನ್ನು ನೆನಪಿಟ್ಟರೆ ಈ ವಿಷಯ ಮರೆಯುವುದಿಲ್ಲ. ಉರಿಯೂತದ ಸಂಕೇತ ರಾಸಾಯನಿಕಗಳಾದ ಇಂಟರ್‌ಲ್ಯೂಕಿನ್-1 ಬೀಟಾ ಮತ್ತು ಪ್ರೋಸ್ಟಾಗ್ಲಾಂಡಿನ್ ಇ2 ಮೂಳೆ ಕರಗಿಸುವ ಕೋಶಗಳನ್ನು ಪ್ರಚೋದಿಸುತ್ತವೆ.

ಈ ದ್ರವವನ್ನು ಅಳೆಯುವುದು ಸುಲಭವಲ್ಲ. ಕಾಗದದ ಪಟ್ಟಿಗೆ ಸಿಗುವುದು ಹೆಚ್ಚೆಂದರೆ ಕೆಲವು ಮೈಕ್ರೋಲೀಟರ್. ಲಾಲಾರಸವೋ ರಕ್ತವೋ ಸೋಕಿದರೆ ಮಾದರಿ ಕೆಟ್ಟಂತೆ. ಸಾಂದ್ರತೆಯನ್ನಷ್ಟೇ ನೋಡಿದರೂ ಮೋಸಹೋಗುತ್ತೇವೆ. ಅರ್ಧ ಮೈಕ್ರೋಲೀಟರ್ ದ್ರವದಲ್ಲಿ ಒಂದು ಕಿಣ್ವದ 10 ಘಟಕಗಳಿದ್ದವು, ಉರಿಯೂತದ ನಂತರ 2 ಮೈಕ್ರೋಲೀಟರ್‌ನಲ್ಲಿ 30 ಘಟಕಗಳಾದವು ಎಂದುಕೊಳ್ಳೋಣ: ಒಟ್ಟು ಪ್ರಮಾಣ ಮೂರು ಪಟ್ಟಾಗಿದ್ದರೂ ಸಾಂದ್ರತೆ ಮೈಕ್ರೋಲೀಟರಿಗೆ 20ರಿಂದ 15ಕ್ಕೆ ಇಳಿದಿರುತ್ತದೆ. ಹಾಗಾಗಿ ಯಾವುದೇ ಕೋಷ್ಟಕವನ್ನು ಓದುವ ಮೊದಲು ಅಲ್ಲಿ ಕೊಟ್ಟಿರುವುದು ಸಾಂದ್ರತೆಯೋ, ನಿಗದಿತ ಅವಧಿಯಲ್ಲಿ ಸಂಗ್ರಹವಾದ ಒಟ್ಟು ಪ್ರಮಾಣವೋ ಎಂದು ನೋಡಿಕೊಳ್ಳಬೇಕು.